ಗುಬ್ಬಿ ಸುಳ್ಳು ಹೇಳಿರಲಿಲ್ಲ

ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರ ಬಾಯಲ್ಲೂ ಅವಳು ಭೂತಗನ್ನಡಿ. ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರಡಿ, ಕಾಲರಿನಿಂದ ಅಂಚಿನವರೆಗೆ ಬೆರಳಾಡಿಸಿ ತಪ್ಪು ಹುಡುಕುವುದು ನಮ್ಮ ಕೆಲಸ. ಎಂಟು ವರ್ಷ ನಾನು ಅವಳ ಪಕ್ಕದ ಮೇಜಿನಲ್ಲಿ ನಿಂತಿದ್ದೇನೆ. ನನ್ನ ಕಣ್ಣು ತಪ್ಪಿಸಿಕೊಂಡು ಹೋದ ಅಂಗಿಗಳು ಎಷ್ಟೋ. ಅವಳ ಕಣ್ಣು ತಪ್ಪಿಸಿ ಒಂದು ಸಡಿಲ ಗುಂಡಿಯೂ ಹೋದದ್ದಿಲ್ಲ. ನಮ್ಮ ಸೂಪರ್‌ವೈಸರ್ ಕೂಡ ಅವಳ ಹತ್ತಿರ ಬರುವಾಗ ತನ್ನ ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದ. “ನನ್ನನ್ನೂ ರಿಜೆಕ್ಟ್ ಮಾಡಿಬಿಟ್ಟೀಯಮ್ಮ” ಅಂತ ನಗುತ್ತಿದ್ದ.

ಅವಳಿಗೆ ಒಬ್ಬಳೇ ಮಗಳು, ಗುಬ್ಬಿ. ಸಣ್ಣ ಮೈ, ಸದಾ ಚಿಲಿಪಿಲಿ, ಅದಕ್ಕೇ ಆ ಹೆಸರು. ಗಂಡ ದೂರದ ದಾರಿಯ ಬಸ್ಸು ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಇವಳಿಗೆ ಆಸರೆ ಅಂತ ಇದ್ದದ್ದು ಅಕ್ಕ. ತಾಯಿ ತೀರಿಕೊಂಡಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಕೊನೆಗೆ ಮದುವೆ ಮಾಡಿ ಕಳಿಸಿದ್ದು ಎಲ್ಲವೂ ಅಕ್ಕನೇ. ಅಕ್ಕ ಮತ್ತು ಭಾವ ಎರಡು ಬೀದಿ ಆಚೆ ಬೇಕರಿ ನಡೆಸುತ್ತಿದ್ದರು. ನಮ್ಮ ಭೂತಗನ್ನಡಿ ಜಗತ್ತಿನಲ್ಲಿ ಯಾವುದನ್ನಾದರೂ ತಿರುಗಿಸಿ ನೋಡದೆ ಒಪ್ಪಿಕೊಳ್ಳುತ್ತಿದ್ದಳು ಅಂದರೆ ಅದು ಅಕ್ಕನ ಮಾತನ್ನು.

ಗುಬ್ಬಿಗೆ ಏಳು ತುಂಬಿದ ವರ್ಷ ಅವಳು ಇದ್ದಕ್ಕಿದ್ದಂತೆ ನೀರು ಕುಡಿಯುವುದು ಜಾಸ್ತಿಯಾಯಿತು. ಶಾಲೆಗೆ ಕೊಟ್ಟ ಬಾಟಲಿ ಸಾಲದೆ ನಲ್ಲಿಗೆ ಬಾಯಿಡುತ್ತಿದ್ದಳಂತೆ. ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಯಿತು. ತಿಂಗಳೊಳಗೆ ಫ್ರಾಕು ಹೆಗಲಿಂದ ಜಾರುವಷ್ಟು ಇಳಿದುಹೋದಳು. ಒಂದು ಬೆಳಿಗ್ಗೆ ವಾಂತಿ ಮಾಡಿಕೊಂಡು ಮಂಕಾದಾಗ ಆಸ್ಪತ್ರೆಗೆ ಹೊತ್ತೊಯ್ದರು. ಸಕ್ಕರೆ ಕಾಯಿಲೆ ಅಂದರು ಡಾಕ್ಟರು. ಮಕ್ಕಳಿಗೆ ಬರುವಂಥದ್ದು, ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿದೆ, ಇನ್ನು ದಿನವೂ ಚುಚ್ಚಿಕೊಳ್ಳಬೇಕು.

“ನಾನು ಏನು ತಿನ್ನಿಸಿ ಹೀಗಾಯ್ತು ಡಾಕ್ಟ್ರೇ?” ಅಂತ ಇವಳು ಕೇಳಿದಳು.

“ನೀವು ತಿನ್ನಿಸಿದ್ದರಿಂದ ಬಂದಿದ್ದಲ್ಲಮ್ಮ. ಅದನ್ನ ಮೊದಲು ತಲೆಯಿಂದ ತೆಗೆದುಹಾಕಿ.”

ಅದೇ ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಒಬ್ಬ ಮೇಡಂ ಇದ್ದರು. ಪಥ್ಯ ಅಂದರೆ ಅದು ತಿನ್ನಬೇಡ ಇದು ಮುಟ್ಟಬೇಡ ಎಂಬ ಪಟ್ಟಿ ಬರುತ್ತದೆ ಅಂದುಕೊಂಡು ಇವಳು ಪೆನ್ನು ಹಿಡಿದು ಕೂತಿದ್ದಳು. ಮೇಡಂ ಒಂದು ತಟ್ಟೆ ತೆಗೆದು ಮುಂದಿಟ್ಟರು. ಅರ್ಧ ತಟ್ಟೆ ತರಕಾರಿ, ಸೊಪ್ಪು. ಕಾಲು ಭಾಗ ಮೊಟ್ಟೆಯೋ ಕಾಳೋ. ಉಳಿದ ಕಾಲು ಭಾಗ ಅನ್ನವೋ ಬ್ರೆಡ್ಡೋ.

“ಇವಳಿಗೆ ಅಂತ ಬೇರೆ ಅಡುಗೆ ಮಾಡ್ಬೇಡಿ. ಮನೆಯವರೆಲ್ಲ ಇದನ್ನೇ ತಿನ್ನಿ, ನಿಮಗೂ ಒಳ್ಳೇದು. ಬೆಳೆಯೋ ಮಗು, ಹೊಟ್ಟೆ ತುಂಬಾ ತಿನ್ಲಿ. ಅನ್ನ, ಬ್ರೆಡ್, ಹಾಲು, ಹಣ್ಣು, ಇವುಗಳಲ್ಲಿ ಪಿಷ್ಟ, ಸಕ್ಕರೆ ಇರತ್ತೆ. ಎಷ್ಟು ಗ್ರಾಂ ತಿಂದ್ಲು ಅನ್ನೋದು ನಿಮಗೆ ಗೊತ್ತಿದ್ರೆ ಅದಕ್ಕೆ ತಕ್ಕ ಇನ್ಸುಲಿನ್ ಹಾಕ್ಬಹುದು. ಗೊತ್ತಿಲ್ದೆ ಹೋದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.”

ಅಳೆಯುವುದು, ಗುರುತು ಹಾಕುವುದು ಭೂತಗನ್ನಡಿಗೆ ಹೊಸತಲ್ಲ. ಅಡುಗೆಮನೆಗೆ ಚಿಕ್ಕದೊಂದು ತಕ್ಕಡಿ ಬಂತು. ತಿಂಗಳೊಳಗೆ ಕಣ್ಣಳತೆಯಲ್ಲೇ ಅನ್ನದ ತೂಕ ಹೇಳುವಷ್ಟು ಪಳಗಿದಳು. ಕಾರ್ಖಾನೆಯಲ್ಲಿ ನನ್ನ ಡಬ್ಬಿ ಇಣುಕಿ, “ನಿನ್ನದು ಎಪ್ಪತ್ತು ಗ್ರಾಂ ಪಿಷ್ಟ, ತರಕಾರಿ ಎಲ್ಲೇ?” ಅಂತ ಕೇಳುತ್ತಿದ್ದಳು. ನಾನು ಡಬ್ಬಿಯ ಮುಚ್ಚಳ ಅಡ್ಡ ಹಿಡಿದು ತಿನ್ನುವ ಹಾಗಾಯಿತು.

ಕಷ್ಟ ಅನ್ನಿಸಿದ್ದು ಬೆಳಗಿನ ಹೊತ್ತು. ಆರೂವರೆಗೆ ಕಾರ್ಖಾನೆಯ ಬಸ್ಸು ಹಿಡಿಯಬೇಕು, ಅಷ್ಟರಲ್ಲಿ ಗುಬ್ಬಿಗೆ ತಿಂಡಿ, ಸೂಜಿ, ಡಬ್ಬಿ ಎಲ್ಲ ಆಗಬೇಕು. ಆಗ ಅಕ್ಕ ಮುಂದೆ ಬಂದಳು.

“ಅಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀಯ? ಮೈದಾ ಇಲ್ದೆ, ಸಕ್ಕರೆ ಇಲ್ದೆ ಬ್ರೆಡ್ ನಾನು ಮಾಡ್ಕೊಡ್ತೀನಿ. ಇಡೀ ಗೋಧಿ, ಓಟ್ಸು, ಅಗಸೆ ಬೀಜ. ಏನೇನು ಎಷ್ಟೆಷ್ಟು ಅಂತ ಬರೆದೂ ಕೊಡ್ತೀನಿ, ನಿಮ್ಮ ಮೇಡಂಗೆ ತೋರ್ಸು.”

ಅಕ್ಕ ಬರೆದುಕೊಟ್ಟ ಚೀಟಿ ನೋಡಿ ಮೇಡಂ ಬ್ರೆಡ್ಡಿನ ಒಂದೊಂದು ಹೋಳಿನಲ್ಲಿ ಹನ್ನೆರಡು ಗ್ರಾಂ ಪಿಷ್ಟ ಅಂತ ಲೆಕ್ಕ ಹಾಕಿಕೊಟ್ಟರು. ಎರಡು ಹೋಳು, ಒಂದು ಬೇಯಿಸಿದ ಮೊಟ್ಟೆ, ಸೌತೆಕಾಯಿ. ಇಪ್ಪತ್ತನಾಲ್ಕು ಗ್ರಾಮಿಗೆ ಇಷ್ಟು ಇನ್ಸುಲಿನ್. ಬೆಳಗಿನ ತಲೆನೋವು ಕಳೆಯಿತು. ಗುಬ್ಬಿ ಮೈದುಂಬಿಕೊಂಡಳು. ಅಕ್ಕ ಬೇಕರಿಯ ಗಾಜಿಗೆ ಗುಬ್ಬಿ ಬ್ರೆಡ್ ಕಚ್ಚುತ್ತಿರುವ ಫೋಟೋ ಅಂಟಿಸಿ, ‘ನಮ್ಮ ಮನೆಯ ಮಗು ತಿನ್ನುವ ಬ್ರೆಡ್, ಸಕ್ಕರೆ ಕಾಯಿಲೆಯವರಿಗೂ ಹಿತ’ ಅಂತ ಬರೆಸಿದಳು. ನಮ್ಮ ಸಾಲಿನ ಅರ್ಧ ಜನ ಅಲ್ಲಿಂದಲೇ ಬ್ರೆಡ್ ಕೊಂಡೆವು. ನಾನೂ ನಮ್ಮ ಅತ್ತೆಗೆ ಒಯ್ದೆ.

ವರ್ಷ ಒಂದು ಹೀಗೆ ನಡೆದು, ಎರಡನೆಯ ವರ್ಷದಲ್ಲಿ ಗುಬ್ಬಿಯ ಸಕ್ಕರೆ ಅಂಕಿಗಳು ಏರತೊಡಗಿದವು. ತಿಂಡಿಯಾಗಿ ಎರಡು ಗಂಟೆ ಕಳೆದ ಮೇಲೆ ನೂರಾ ಅರವತ್ತು, ಎಪ್ಪತ್ತು ಇರುತ್ತಿದ್ದದ್ದು ಇನ್ನೂರಾ ಎಂಬತ್ತು, ಮುನ್ನೂರು. ಮಧ್ಯಾಹ್ನಕ್ಕೆ ತಲೆನೋವು, ಬಾಯಾರಿಕೆ, ತರಗತಿಯಲ್ಲಿ ತೂಕಡಿಕೆ. ತಕ್ಕಡಿ ಸರಿ ಇದೆ, ಸೂಜಿ ಸರಿ ಇದೆ, ಔಷಧಿ ಹೊಸದು. ಉಳಿದದ್ದು ಒಂದೇ ಅಂತ ಭೂತಗನ್ನಡಿಗೆ ತೋರಿತು.

“ಶಾಲೇಲಿ ಏನಾದ್ರೂ ತಿಂತಿದ್ದೀಯಾ?”

“ಇಲ್ಲಮ್ಮ.”

“ನಿಜ ಹೇಳು, ಬೈಯಲ್ಲ.”

“ನಿಜವಾಗ್ಲೂ ಇಲ್ಲಮ್ಮ.”

ಇವಳು ಅಕ್ಕನ ಹತ್ತಿರ ತೋಡಿಕೊಂಡಳು. ಅಕ್ಕ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, “ಮಕ್ಕಳಲ್ವಾ, ಕದ್ದು ತಿನ್ನದೆ ಇರ್ತಾವಾ? ಸ್ವಲ್ಪ ಕಣ್ಣಿಡು” ಅಂದಳು. ಆ ಮಾತನ್ನು ಮುಂದೆ ಇವಳು ನನಗೆ ನೂರು ಸಲ ಹೇಳಿದ್ದಾಳೆ. ಪ್ರತಿ ಸಲವೂ ಅಕ್ಕನ ದನಿಯಲ್ಲೇ ಹೇಳುತ್ತಾಳೆ.

ಕಣ್ಣಿಟ್ಟಳು. ದಿನವೂ ಚೀಲ ಬಿಚ್ಚಿ ಪುಸ್ತಕಗಳನ್ನು ಕೊಡವಿದಳು. ಕಂಪಾಸ್ ಪೆಟ್ಟಿಗೆಯಲ್ಲಿ ಚಾಕೊಲೇಟಿನ ಮಿರಿಮಿರಿ ಕಾಗದ ನಾಲ್ಕು ಸಿಕ್ಕವು. ನೀಟಾಗಿ ಉಜ್ಜಿ ಮಡಿಸಿಟ್ಟದ್ದು.

“ಬೇರೆಯವರು ತಿಂದು ಎಸೆದಿದ್ದಮ್ಮ. ನಾನು ಚಿತ್ರಕ್ಕೆ ಅಂಟಿಸೋಕೆ ಇಟ್ಕೊಂಡಿದ್ದೀನಿ. ಮೀನಿನ ರೆಕ್ಕೆಗೆ.”

ಆ ದಿನ ಅವಳು ಮಗಳ ಕೆನ್ನೆಗೆ ಹೊಡೆದಳು. ಅದುವರೆಗೆ ಎಂದೂ ಕೈ ಮಾಡಿದವಳಲ್ಲ. ಮರುದಿನ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿ, ಅವಳ ಜೇಬು ನೋಡುತ್ತಿರಿ ಅಂತ ಟೀಚರಿಗೆ ಹೇಳಿಬಂದಳು. ಅಂದಿನಿಂದ ಊಟದ ಬಿಡುವು ಮುಗಿದೊಡನೆ ಟೀಚರು ಗುಬ್ಬಿಯನ್ನು ಮುಂದೆ ಕರೆದು, ಎಲ್ಲ ಮಕ್ಕಳ ಎದುರಿಗೆ ಜೇಬು ತೆಗೆದು ತೋರಿಸಲು ಹೇಳುತ್ತಿದ್ದರು. “ಕಳ್ಳಿ, ಜೇಬು ತೋರ್ಸು” ಅಂತ ಮಕ್ಕಳು ಆಟಕ್ಕೆ ಹೊಸ ಹಾಡು ಕಟ್ಟಿದವು. ಇದನ್ನು ಗುಬ್ಬಿ ಮನೆಯಲ್ಲಿ ಹೇಳಲಿಲ್ಲ. ಹೇಳಿ ಏನು ಪ್ರಯೋಜನ ಅಂತ ಅವಳಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು.

ಆಮೇಲೆ ಅಂಕಿಗಳು ಇಳಿದವು. ಬೆರಳು ಚುಚ್ಚಿಕೊಂಡು ಪುಟ್ಟ ಮೀಟರಿನಲ್ಲಿ ನೋಡಿ ಪುಸ್ತಕದಲ್ಲಿ ಬರೆಯುವುದನ್ನು ಗುಬ್ಬಿ ತಾನೇ ಮಾಡುತ್ತಿದ್ದಳು. ನೂರಾ ಐವತ್ತೆಂಟು. ನೂರಾ ಅರವತ್ತೆರಡು. ಭೂತಗನ್ನಡಿ ಕಾರ್ಖಾನೆಯಲ್ಲಿ, “ನೋಡ್ದೆಯಾ, ಬಿಗಿ ಮಾಡಿದ್ಮೇಲೆ ದಾರಿಗೆ ಬಂದ್ಲು” ಅಂದಳು. ನಾನೂ ತಲೆಯಾಡಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ತಿಂಗಳ ನಂತರ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಅದು. ಹಿಂದೆ ಏಳೂವರೆ ಇದ್ದದ್ದು ಒಂಬತ್ತು ಮುಕ್ಕಾಲು ಆಗಿತ್ತು. ಡಾಕ್ಟರು ಪುಸ್ತಕ ನೋಡಿದರು, ವರದಿ ನೋಡಿದರು, ಮೀಟರ್ ಕೇಳಿ ಇಸಿದುಕೊಂಡರು. ಅದರಲ್ಲಿ ಹಳೆಯ ಅಂಕಿಗಳೆಲ್ಲ ಉಳಿದಿರುತ್ತವೆ. ಗುಂಡಿ ಒತ್ತುತ್ತ ಹೋದ ಹಾಗೆ ಒಂದೊಂದಾಗಿ ಬಂದವು: ಇನ್ನೂರ ತೊಂಬತ್ತು, ಮುನ್ನೂರ ಹತ್ತು, ಇನ್ನೂರ ಎಪ್ಪತ್ತೈದು.

ಪುಸ್ತಕದಲ್ಲಿದ್ದದ್ದು ಗುಬ್ಬಿ ಮನಸ್ಸಿನಿಂದ ಬರೆದ ಅಂಕಿಗಳು.

“ಯಾಕಮ್ಮ ಹೀಗೆ ಬರೆದೆ?” ಅಂತ ಡಾಕ್ಟರು ಮೆತ್ತಗೆ ಕೇಳಿದರು.

“ನಿಜ ಬರೆದ್ರೆ ಅಮ್ಮ ಕಳ್ಳಿ ಅಂತಾರೆ” ಅಂದಳು ಗುಬ್ಬಿ. ಅಳಲಿಲ್ಲ. ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು ಅಷ್ಟೆ.

ಆಗಲೂ ಭೂತಗನ್ನಡಿಯ ಮೊದಲ ಯೋಚನೆ, ಅಂಕಿಯಲ್ಲಿ ಸುಳ್ಳು ಹೇಳಿದವಳು ತಿನ್ನುವುದರಲ್ಲೂ ಹೇಳಿರುತ್ತಾಳೆ ಎಂಬುದೇ ಆಗಿತ್ತು. ಅದನ್ನು ಪಥ್ಯದ ಮೇಡಂ ಮುಂದೆ ಹೇಳಿಯೂ ಬಿಟ್ಟಳು. ಮೇಡಂ ಗುಬ್ಬಿಯನ್ನು ಹೊರಗೆ ಕೂರಿಸಿ ಬಾಗಿಲು ಎಳೆದುಕೊಂಡರು.

“ಸಕ್ಕರೆ ಏರಕ್ಕೆ ಕದ್ದು ತಿನ್ನೋದೊಂದೇ ಕಾರಣ ಅಲ್ಲ. ಮಗು ಬೆಳೀತಿದ್ರೂ ಏರತ್ತೆ, ಇನ್ಸುಲಿನ್ ಸಾಲ್ದೆ ಇದ್ರೂ ಏರತ್ತೆ. ಆದ್ರೆ ನೋಡಿ, ಮೀಟ್ರಲ್ಲಿ ದಿನಾ ಒಂದೇ ಹೊತ್ತಿಗೆ ಏರಿದೆ. ಬೆಳಗಿನ ತಿಂಡಿ ಆದ್ಮೇಲೆ. ರಜಾ ದಿನವೂ ಏರಿದೆ, ಆಗ ಶಾಲೆ ಎಲ್ಲಿತ್ತು? ನೀವು ಮಗುನ ಪರೀಕ್ಷೆ ಮಾಡೋದು ಬಿಟ್ಟು ತಿಂಡಿನ ಪರೀಕ್ಷೆ ಮಾಡಿ.”

ಮೂರು ದಿನ ಬ್ರೆಡ್ಡು, ಮೂರು ದಿನ ಅಷ್ಟೇ ಪಿಷ್ಟ ಬರುವಂತೆ ತೂಗಿದ ಅನ್ನ ಮತ್ತು ಕಾಳು. ಅದೇ ಮೊಟ್ಟೆ, ಅಷ್ಟೇ ಇನ್ಸುಲಿನ್. ಭೂತಗನ್ನಡಿ ವಾರ ರಜೆ ಹಾಕಿ ಎದುರಿಗೇ ಕೂತಳು. ಅನ್ನ ಕಾಳು ತಿಂದ ಮೂರು ದಿನವೂ ನೂರಾ ಎಂಬತ್ತು ದಾಟಲಿಲ್ಲ. ಬ್ರೆಡ್ ತಿಂದ ಮೂರು ದಿನವೂ ಇನ್ನೂರ ಎಂಬತ್ತರ ಮೇಲೆ.

ಆಗ ಅವಳು ಬ್ರೆಡ್ಡಿನ ಒಂದು ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಗಿಯ ಬಟ್ಟೆ ನೋಡುವ ಹಾಗೆ ನೋಡಿದಳು. ಮೊದಲಿನ ಬ್ರೆಡ್ಡು ಒರಟಾಗಿ, ಒತ್ತಾಗಿ ಇರುತ್ತಿತ್ತು. ಇದು ಹತ್ತಿಯಂತೆ ಮೆತ್ತಗೆ. ಬೀಜ ಮೇಲ್ಮೈಗೆ ಉದುರಿಸಿದ್ದು ಮಾತ್ರ, ಒಳಗೆ ಒಂದೂ ಇಲ್ಲ. ಬದಲಾದದ್ದು ಅವಳಿಗೆ ತಿಂಗಳುಗಳ ಹಿಂದೆಯೇ ಗೊತ್ತಾಗಿತ್ತು. ಕೇಳಿಯೂ ಇದ್ದಳು. ಅಕ್ಕ “ಹೊಸ ಒಲೆ ಕಣೇ, ಚೆನ್ನಾಗಿ ಉಬ್ಬತ್ತೆ” ಅಂದಿದ್ದಳು. ಅಲ್ಲಿಗೆ ಮುಗಿದಿತ್ತು.

ಬೇಕರಿಯ ಹಿಂಬಾಗಿಲಿನಲ್ಲಿ ಹಿಟ್ಟು ಕಲಸುವ ಮುದುಕಪ್ಪ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದ. ಅವನಿಗೆ ಇವಳನ್ನು ಚಿಕ್ಕಂದಿನಿಂದ ಗೊತ್ತು.

“ಅಜ್ಜ, ಗುಬ್ಬಿಯ ಬ್ರೆಡ್ಡಿನ ಹಿಟ್ಟು ಯಾವ್ದು, ತೋರ್ಸಿ.”

“ಅದಾ? ಅದು ನಿಲ್ಲಿಸಿ ಏಳು ತಿಂಗಳಾಯ್ತಲ್ಲ ಮಗಳೇ. ಒರಟು ಅಂತ ಜನ ತಗೊಳ್ತಿರ್ಲಿಲ್ಲ. ಈಗ ಎಲ್ಲ ಒಂದೇ ಮೈದಾ. ಸುಟ್ಟ ಸಕ್ಕರೆ ಪಾಕ ಹಾಕಿದ್ರೆ ಬಣ್ಣ ಬರತ್ತೆ.” ಅಷ್ಟು ಹೇಳಿ ಅವಳ ಮುಖ ನೋಡಿದ ಮುದುಕಪ್ಪನ ಕೈ ನಿಂತಿತು. “ನಿನಗೆ ಹೇಳಿಲ್ವಾ?”

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಕ್ಕ ಇವಳನ್ನು ಕಂಡವಳೇ ನಗುತ್ತ, “ಬಾರೇ, ಗುಬ್ಬಿಗೆ ಬ್ರೆಡ್ ಕಟ್ಟಿಟ್ಟಿದ್ದೀನಿ” ಅಂದಳು.

“ಅದರಲ್ಲಿ ಏನಿದೆ ಅಕ್ಕ?”

ಅಕ್ಕನ ನಗು ಅರ್ಧಕ್ಕೆ ನಿಂತಿತು. “ಒಳಗೆ ಬಾ, ಮಾತಾಡೋಣ.”

“ಇಲ್ಲೇ ಹೇಳು.”

“ಎಷ್ಟು ಜನ ಅಂತ ನೋಡ್ಕೊಂಡು ಮಾತಾಡು. ಒಂದು ಮಗುಗೋಸ್ಕರ ದಿನಾ ಬೇರೆ ಹಿಟ್ಟು ಕಲಸಕ್ಕಾಗತ್ತಾ? ಮೊದಮೊದಲು ಮಾಡ್ಲಿಲ್ವಾ ನಾನು? ಭಾವನೂ ಬೈದ್ರು, ಕೆಲಸದವ್ರೂ ಗೊಣಗಿದ್ರು. ಸ್ವಲ್ಪ ಸಕ್ಕರೆ ಹೋದ್ರೆ ಏನಾಗತ್ತೆ ಅಂದ್ಕೊಂಡೆ. ಪಾಪ, ಮಗು ಬಾಯಿಗೂ ರುಚಿ ಬೇಡ್ವಾ?”

“ನಿಲ್ಲಿಸಿದ್ದೀನಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ. ನಾನು ಮನೇಲೇ ಏನಾದ್ರೂ ಮಾಡ್ಕೋತಿದ್ದೆ. ಸಕ್ಕರೆ ಹಾಕಿದ್ದು ತಪ್ಪಲ್ಲ ಅಕ್ಕ. ಹಾಕಿದ್ದು ಗೊತ್ತಿದ್ರೆ ಅದಕ್ಕೆ ತಕ್ಕ ಇನ್ಸುಲಿನ್ ಕೊಡ್ತಿದ್ದೆ.”

“ಹೇಳಿದ್ರೆ ನೀನು ಬೇಜಾರು ಮಾಡ್ಕೋತಿದ್ದೆ.”

“ಮಗು ಕದ್ದು ತಿಂತಾಳೆ, ಕಣ್ಣಿಡು ಅಂದ್ಯಲ್ಲ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗಂದೆ. ನಾನು ಅವಳಿಗೆ ಹೊಡೆದೆ ಅಕ್ಕ.”

“ಹೊಡಿ ಅಂತ ನಾನು ಹೇಳಿದ್ನಾ?” ಅಂದಳು ಅಕ್ಕ. “ನಿನ್ನ ಎತ್ತಿ ಆಡಿಸಿದ ಕೈ ಇದು. ನಾಲ್ಕು ಜನರ ಮುಂದೆ ನನ್ನ ನಿಲ್ಲಿಸಿ ಕೇಳ್ತೀಯಲ್ಲ.”

ಬೈಯಲು ಭೂತಗನ್ನಡಿಗೆ ಎಷ್ಟೋ ಇತ್ತು. ಆದರೆ ಅಕ್ಕ ಹೇಳಿದ ಆ ಒಂದು ಮಾತು ನಿಜವಾಗಿತ್ತು. ಹೊಡಿ ಅಂತ ಯಾರೂ ಹೇಳಿರಲಿಲ್ಲ. ಅವಳು ಗಾಜಿನ ಮೇಲಿದ್ದ ಮಗಳ ಫೋಟೋವನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಅಂಟು ಗಟ್ಟಿಯಾಗಿತ್ತು, ಅರ್ಧ ಮುಖ ಗಾಜಿನಲ್ಲೇ ಉಳಿಯಿತು. ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕಿ ಕೈಯಲ್ಲಿದ್ದ ಬ್ರೆಡ್ ತೋರಿಸಿ, “ಇದು ಸಕ್ಕರೆ ಇರೋರು ತಿನ್ಬಹುದು ತಾನೇ?” ಅಂತ ಕೇಳಿದಳು. “ಇದು ಸಕ್ಕರೆ ಹಾಕಿದ ಮೈದಾ ಬ್ರೆಡ್ಡು ಅಜ್ಜಿ” ಅಂತ ಹೇಳಿ ಇವಳು ಹೊರಗೆ ಬಂದಳು.

ನಮಗೂ ಹೇಳಿದಳು. ಊಟದ ಬಿಡುವಿನಲ್ಲಿ ಎದ್ದು ನಿಂತು, “ನನ್ನ ಮಾತು ಕೇಳಿ ಆ ಬ್ರೆಡ್ ತಗೊಂಡೋರು ಇನ್ನು ತಗೋಬೇಡಿ, ನಾನು ಮೋಸಹೋದೆ, ನಿಮಗೂ ಮೋಸ ಮಾಡಿದ ಹಾಗಾಯ್ತು” ಅಂದಳು. ಯಾರೂ ನಗಲಿಲ್ಲ.

ಗುಬ್ಬಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಸಂಜೆ ಅವಳು ನೆಲದ ಮೇಲೆ ಬೋರಲು ಮಲಗಿ ಚಿತ್ರ ಬಿಡಿಸುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಬ್ರೆಡ್ಡಿನಲ್ಲಿ ಏನಿತ್ತು, ಯಾರು ಮುಚ್ಚಿಟ್ಟರು, ತಾನು ಏನು ತಪ್ಪು ಮಾಡಿದೆ. ಗುಬ್ಬಿ ಬಣ್ಣ ತುಂಬುವುದನ್ನು ನಿಲ್ಲಿಸಲಿಲ್ಲ.

“ನಾನು ಹೇಳಿದ್ದೆ” ಅಂದಳು. ಅಷ್ಟೇ.

ಶಾಲೆಯಲ್ಲಿ ಎಲ್ಲರೆದುರು ಜೇಬು ತೋರಿಸಬೇಕಾಗುತ್ತಿದ್ದ ವಿಷಯ ಹೊರಬಂದದ್ದು ಆಮೇಲೆ. ಭೂತಗನ್ನಡಿ ಮರುದಿನವೇ ಹೋಗಿ ತರಗತಿಯ ಮಕ್ಕಳ ಮುಂದೆ ನಿಲ್ಲುತ್ತೇನೆ ಅಂದಳು. “ಅದೆಲ್ಲ ಯಾಕಮ್ಮ, ಮಕ್ಕಳು ಮರೀತಾವೆ” ಅಂದರು ಟೀಚರು. ಇವಳು ಬಿಡಲಿಲ್ಲ. ನಲವತ್ತು ಮಕ್ಕಳ ಮುಂದೆ ನಿಂತು, “ಇವಳು ಏನೂ ಕದ್ದಿರ್ಲಿಲ್ಲ. ನಾನು ತಪ್ಪು ತಿಳ್ಕೊಂಡಿದ್ದೆ. ಜೇಬು ನೋಡಿ ಅಂತ ಹೇಳಿದ್ದೂ ನಾನೇ” ಅಂದಳು. ಗುಬ್ಬಿ ತಲೆ ಎತ್ತಲಿಲ್ಲ. ಮಗಳ ಅವಮಾನ ಇದರಿಂದ ಕಡಿಮೆಯಾಯಿತೋ ಜಾಸ್ತಿಯಾಯಿತೋ ತನಗೆ ಇಂದಿಗೂ ತಿಳಿದಿಲ್ಲ ಅನ್ನುತ್ತಾಳೆ.

ತಿಂಡಿಯನ್ನು ಸರಿಪಡಿಸುವುದು ಸುಲಭವಾಗಿತ್ತು. ಸಂಜೆಯೇ ಕಾಳು ಬೇಯಿಸಿಡುವುದು, ಬೆಳಿಗ್ಗೆ ತೂಗಿದ ಅನ್ನವೋ ಓಟ್ಸೋ ಜೊತೆಗೆ, ಮೊಟ್ಟೆ, ಒಂದು ಹಿಡಿ ಹಸಿ ತರಕಾರಿ. ಸಿಹಿಯ ಬಾಗಿಲನ್ನು ಪೂರ್ತಿ ಮುಚ್ಚಬೇಡಿ ಅಂತ ಮೇಡಂ ಹೇಳಿಕೊಟ್ಟರು. ಯಾರದೋ ಹುಟ್ಟುಹಬ್ಬಕ್ಕೆ ಕೇಕು ತಿಂದರೆ ತಿನ್ನಲಿ, ತಿಂದದ್ದು ಎಷ್ಟು ಅಂತ ಹೇಳಿ ಅದಕ್ಕೆ ತಕ್ಕ ಇನ್ಸುಲಿನ್ ಹಾಕಿಕೊಳ್ಳಲಿ. ಅಂಕಿ ನೋಡಿ ಒಳ್ಳೆಯದು, ಕೆಟ್ಟದ್ದು ಅನ್ನಬೇಡಿ. “ಈಗೇನು ಮಾಡೋಣ?” ಅಂತ ಮಾತ್ರ ಕೇಳಿ. ಈ ಒಂದು ವಾಕ್ಯ ನಾಲಿಗೆಗೆ ಕೂರಿಸಿಕೊಳ್ಳಲು ಭೂತಗನ್ನಡಿಗೆ ತಿಂಗಳುಗಳೇ ಹಿಡಿದವು. ಮುನ್ನೂರು ಅನ್ನುವ ಅಂಕಿ ಕಂಡಾಗ ಹುಬ್ಬು ತಾನಾಗಿ ಗಂಟಿಕ್ಕುತ್ತಿತ್ತು. ಗುಬ್ಬಿ ಮೊದಲು ಆ ಹುಬ್ಬನ್ನೇ ನೋಡುತ್ತಿದ್ದಳು.

ಅಕ್ಕ ಒಂದೆರಡು ಸಲ ಹೇಳಿಕಳಿಸಿದಳು. ಗಾಜಿನ ಮೇಲೆ ಬರೆಸಿದ್ದನ್ನು ಅಳಿಸಿಹಾಕಿದ್ದಾಳಂತೆ. ಮನೆಗೂ ಬಂದು ಬಾಗಿಲಲ್ಲಿ ನಿಂತು ಅತ್ತಳು. ಇವಳು ಒಳಗೆ ಕರೆದು ನೀರು ಕೊಟ್ಟು ಕಳಿಸಿದಳು. “ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಡಿ ಮುಗಿಸ್ತಿದ್ದೆ ಕಣೇ” ಅಂತ ನನ್ನ ಹತ್ತಿರ ಹೇಳಿದಳು. “ಅಮ್ಮನ ಜಾಗದಲ್ಲಿದ್ದವಳ ಜೊತೆ ಹೇಗೆ ಜಗಳ ಆಡೋದು ಅಂತ ನನಗೆ ಯಾರೂ ಕಲಿಸಿಲ್ಲ.”

ನಾಲ್ಕು ವರ್ಷ ಕಳೆದಿದೆ. ಗುಬ್ಬಿಗೆ ಈಗ ಹದಿಮೂರು. ಸೂಜಿ, ಲೆಕ್ಕ, ತಿಂಡಿ ಎಲ್ಲ ಅವಳದೇ. ಹೋದ ವರ್ಷ ಒಂದು ದಿನ ಅವಳು ತಾನಾಗಿಯೇ ದೊಡ್ಡಮ್ಮನ ಬೇಕರಿಗೆ ಹೋಗಿಬಂದಳು. ತಾಯಿ ಬಾಗಿಲಲ್ಲೇ ಕೇಳಿದಳು.

“ಅವಳ ಮುಖ ನೋಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು? ಅಷ್ಟೆಲ್ಲ ಮಾಡಿದವಳು.”

ಗುಬ್ಬಿ ಶೂ ಬಿಚ್ಚುತ್ತ ಹೇಳಿದಳು: “ದೊಡ್ಡಮ್ಮ ಸುಳ್ಳು ಹೇಳಿದ್ರು. ಅಮ್ಮ, ನೀನು ನನ್ನ ನಂಬ್ಲಿಲ್ಲ. ಅದೂ ಇದೂ ಒಂದೇ ಅಲ್ಲ.”

ಅದನ್ನು ಕೋಪದಿಂದ ಹೇಳಲಿಲ್ಲ. ಹೇಳಿ, ಅಡುಗೆಮನೆಗೆ ಹೋಗಿ ಸೌತೆಕಾಯಿ ಹೆಚ್ಚಿಕೊಂಡು ತಿಂದಳು.

ಕಳೆದ ತಿಂಗಳು ನಾನೂ ಅವರ ಜೊತೆ ಆಸ್ಪತ್ರೆಗೆ ಹೋಗಿದ್ದೆ. ನನ್ನ ಅತ್ತೆಯ ಔಷಧಿ ತರುವುದಿತ್ತು. ಮೂರು ತಿಂಗಳ ಪರೀಕ್ಷೆ ಏಳು ಬಂದಿತ್ತು. ಡಾಕ್ಟರು ಬೆನ್ನು ತಟ್ಟಿ, “ಊಟ ತಿಂಡಿ ಹೇಗೆ ನಡೀತಿದೆ?” ಅಂತ ತಾಯಿಯನ್ನು ಕೇಳಿದರು. “ಅವಳನ್ನೇ ಕೇಳಿ ಡಾಕ್ಟ್ರೇ, ಅವಳು ಹೇಳಿದ್ದೇ ಸರಿ” ಅಂದಳು ಭೂತಗನ್ನಡಿ. ಗುಬ್ಬಿ ಒಂದೊಂದಾಗಿ ಹೇಳಿದಳು. ಎರಡು ಸಲ ಐಸ್‌ಕ್ರೀಮ್ ತಿಂದದ್ದನ್ನೂ ಹೇಳಿದಳು. ತಾಯಿಯ ಕಡೆ ತಿರುಗಿ ನೋಡಲಿಲ್ಲ.

ಹಿಂದಿರುಗುವಾಗ ಬಸ್ಸು ಖಾಲಿಯಿತ್ತು. ಗುಬ್ಬಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕಿಟಕಿಗೆ ಒರಗಿ ಕೂತಳು. ನಾವಿಬ್ಬರು ಹಿಂದೆ. ಭೂತಗನ್ನಡಿ ದಾರಿಯುದ್ದಕ್ಕೂ ಮಗಳ ಜಡೆಯನ್ನೇ ನೋಡುತ್ತಿದ್ದಳು. “ಹೋಗಿ ಪಕ್ಕದಲ್ಲಿ ಕೂತ್ಕೋ” ಅಂದೆ.

“ಅವಳೇ ಕರೀಲಿ” ಅಂದಳು.